ಬೇಲಂ ಗುಹೆಗೆ ಮೊಣಕಾಲು ನೋವಿರೋ ಅವ್ವನ್ನ ಕರ್ಕೊಂಡು ಹೋಗಬಹುದಾ?

ಬೆಣ್ಣೆದೋಸೆ_ದಾವಣಗೆರೆ:
ಎಲ್ರಿಗೂ ನಮಸ್ಕಾರ, ದೀಪಾವಳಿ ರಜಕ್ಕೆ ಕಾರಲ್ಲಿ ಆಂಧ್ರದ ಬೇಲಂ ಗುಹೆ, ಹಂಗೇ ಗಂಡಿಕೋಟದ ಕೋಟೆ, ಕಮರಿ ನೋಡ್ಕೊಂಡ್ ಬರೋಣ ಅಂತಿದೀವಿ. ಅವ್ವಂಗೆ ಮೊಣಕಾಲು ನೋವು, ಆದ್ರೂ ನಾನೂ ಬರ್ತೀನಿ ಅಂತ ಒಂದೇ ಹಠ. ಒಳಗೆ ಮೆಟ್ಲು ಜಾಸ್ತಿನಾ, ಉಸಿರು ಕಟ್ಟುತ್ತಾ? ಚಿತ್ರದುರ್ಗದ ಚಂದ್ರವಳ್ಳಿಲಿರೋ ಅಂಕಲಿಮಠದ ಗುಹೆ ಥರ ಇದ್ರೆ ಕಷ್ಟ, ಅಲ್ಲೇ ಅರ್ಧಕ್ಕೆ ವಾಪಸ್ ಬಂದಿದ್ರು.

ದುರ್ಗದ_ಕಲ್ಲು:
ಅಂಕಲಿಮಠಕ್ಕೂ ಇದಕ್ಕೂ ಸಂಬಂಧನೇ ಇಲ್ಲ ಗುರು. ಅಲ್ಲಿ ಕತ್ತಲಲ್ಲಿ ಟಾರ್ಚ್ ಹಿಡ್ಕೊಂಡು ಬಗ್ಗಿ ಹೋಗ್ಬೇಕು, ಬೇಲಂ ಒಳಗೆ ಲೈಟ್ ಇದೆ, ಗಾಳಿಗೆ ಪೈಪ್ ಎಳ್ದಿದಾರೆ. ಒಟ್ಟು 3,229 ಮೀಟರ್ ಉದ್ದ, ಜನಕ್ಕೆ ಬಿಟ್ಟಿರೋದು ಸುಮಾರು ಒಂದೂವರೆ ಕಿ.ಮೀ. ಶುರೂಲಿ ಗುಂಡಿಗೆ ಮೆಟ್ಲು ಇಳೀಬೇಕಲ್ಲ, ಅದನ್ನ ನಿಧಾನಕ್ಕೆ ಇಳಿಸ್ಬಿಡಿ, ಆಮೇಲೆ ಸುಮಾರು ದೂರ ಸಪಾಟಾಗೇ ಇದೆ. ಒಳಗೆ ನೀರು ಹರಿಯೋ ಪಾತಾಳಗಂಗೆ ಅಂತ ಜಾಗ ಇದೆ, ಆ ಕಡೆ ಮಾತ್ರ ಅವ್ವನ್ನ ಕರ್ಕೊಂಡು ಹೋಗ್ಬೇಡಿ, ಅದೇ ಎಲ್ಲಕ್ಕಿಂತ ಆಳ, 46 ಮೀಟರ್, ವಾಪಸ್ ಹತ್ತೋಷ್ಟರಲ್ಲಿ ನಮ್ಮಂಥೋರಿಗೇ ಸುಸ್ತು.

ಚಳ್ಳಕೆರೆ_ರೋಡ್:
ಗುಹೆ ಅಂದ್ರೆ ತಣ್ಣಗಿರುತ್ತೆ ಅಂದ್ಕೊಂಡು ಸ್ವೆಟರ್ ಗಿಟರ್ ತಗೊಂಡು ಹೋಗ್ಬೇಡಿ, ಒಳಗೆ ಬರೀ ಸೆಕೆ, ಕನ್ನಡಕ ಮಂಜು ಕಟ್ಟುತ್ತೆ, ಅಂಗಿ ಬೆನ್ನಿಗೆ ಅಂಟ್ಕೊಳ್ಳುತ್ತೆ. ಅವ್ವಂಗೆ ಕಾಟನ್ ಸೀರೆ, ಕೈಲೊಂದು ನೀರಿನ ಬಾಟ್ಲಿ. ರೂಟ್ ಚಿತ್ರದುರ್ಗ, ಚಳ್ಳಕೆರೆ, ಕಲ್ಯಾಣದುರ್ಗ, ಅನಂತಪುರ, ತಾಡಿಪತ್ರಿ. ತೂಗಾಡೋ ಸುಣ್ಣದ ಕೋಡುಗಳನ್ನೇ ನೋಡ್ಬೇಕಂದ್ರೆ ಅರಕು ಹತ್ರ ಬೊರ್ರಾ ಗುಹೆನೇ ಮೇಲು, ಆದ್ರೆ ಅದು ನಮಗೆ ಎಲ್ಲೋ ದೂರ ಬಿಡಿ.

ಕಲ್ಲುಮೇಷ್ಟ್ರು:
ಅಡಿಗೆಮನೆ ಕಟ್ಟೆಗೆ ಹಾಕ್ತೀವಲ್ಲ ಕಡಪ ಕಲ್ಲು, ಅದೂ ಆ ಸೀಮೆ ಸುಣ್ಣಕಲ್ಲೇ. ಅದರ ಮೇಲೆ ನಿಂಬೆಹುಳಿ ಬಿದ್ರೆ ಬೆಳ್ಳಗೆ ಕಲೆ ಉಳಿಯುತ್ತೆ ನೋಡಿ, ಹುಳಿಗೆ ಕಲ್ಲು ಕರಗಿರುತ್ತೆ. ಮಳೆನೀರು ಮಣ್ಣಲ್ಲಿ ಇಂಗುವಾಗ ಇಂಗಾಲದ ಡೈಆಕ್ಸೈಡ್ ಸೇರಿ ಸ್ವಲ್ಪ ಹುಳಿಯಾಗುತ್ತೆ, ಲಕ್ಷಾಂತರ ವರ್ಷ ಹಿಂಗೇ ಕರಗಿಸಿ ಕರಗಿಸಿ ಗುಹೆ ಆಗಿರೋದು, ಅದಕ್ಕೇ ಗೋಡೆಗಳು ಅಷ್ಟು ನುಣುಪು. ನಮ್ಮ ಬಳ್ಳಾರಿ ಸಂಗನಕಲ್ಲಲ್ಲೂ ಓಡಾಡಿದ್ದ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1884ರಲ್ಲೇ ಈ ಗುಹೆ ಬಗ್ಗೆ ಬರೆದಿದ್ದ. ಗಂಡಿಕೋಟದ ಕಮರಿ ಮಾತ್ರ ಸುಣ್ಣಕಲ್ಲಲ್ಲ, ಕೆಂಪು ಗಟ್ಟಿ ಕಲ್ಲು, ಅದನ್ನ ಸೀಳಿರೋದು ನಮ್ಮ ನಂದಿಬೆಟ್ಟದ ಕಡೆಯಿಂದ ಹೋಗೋ ಪೆನ್ನಾ ನದಿ. ಗುಹೆ ಮಧ್ಯಾಹ್ನದೊಳಗೆ ಮುಗಿಸಿ, ಕಮರಿಗೆ ಇಳಿಬಿಸಿಲೇ ಚೆಂದ.

ಬೆಣ್ಣೆದೋಸೆ_ದಾವಣಗೆರೆ:
ಥ್ಯಾಂಕ್ಸ್ ಮೇಷ್ಟ್ರೇ, ಎಲ್ರಿಗೂ. ಪಾತಾಳಗಂಗೆ ಕ್ಯಾನ್ಸಲ್. ಗಂಡಿಕೋಟದಲ್ಲಿ ರಾತ್ರಿ ಉಳ್ಕೊಳ್ಳೋಕೆ ಏನಾದ್ರೂ ಇದೆಯಾ?

ಚಳ್ಳಕೆರೆ_ರೋಡ್:
ಆಂಧ್ರ ಟೂರಿಸಂನವರ ಹರಿತಾ ಹೋಟೆಲ್ ಇದೆ, ಹಬ್ಬದ ಟೈಮು, ಈಗ್ಲೇ ಬುಕ್ ಮಾಡಿ.