ಸಕ್ಕರೆ ಉದ್ಯಮದ ‘ಸುಸ್ಥಿರತೆ’: ‘ತಾಳಿಕೆ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಭಾರತದ ಸಕ್ಕರೆ ಉದ್ಯಮದ ಬಗ್ಗೆ ಕಬ್ಬು ಬೆಳೆಗಾರರಿಗಾಗಿ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ‘ಸಸ್ಟೈನಬಿಲಿಟಿ’ಗೆ ಪತ್ರಿಕೆಗಳ ರೂಢಿಯಂತೆ ಎಲ್ಲೆಡೆ ‘ಸುಸ್ಥಿರತೆ’ ಎಂದೇ ಬಳಸಿದ್ದೆ. ಕರಡನ್ನು ಬೆಳೆಗಾರರೊಬ್ಬರಿಗೆ ಓದಲು ಕೊಟ್ಟಾಗ ತೊಡಕು ಗೊತ್ತಾಯಿತು. ‘ಉದ್ಯಮದ ಸುಸ್ಥಿರತೆ’ ಎಂದರೆ ಕಾರ್ಖಾನೆ ನಷ್ಟವಿಲ್ಲದೆ ನಡೆಯುವುದು ಎಂದು ಅವರು ತಿಳಿದಿದ್ದರು. “ಇದರಲ್ಲಿ ನಮ್ಮ ಹೊಲದ ಮಾತು ಎಲ್ಲಿದೆ?” ಎಂದು ಕೇಳಿದರು.

ಅವರ ಓದು ತಪ್ಪೆನ್ನಲಾರೆ. ಸ್ಥಿರಾಸ್ತಿ, ಸ್ಥಿರ ಸರ್ಕಾರ, ಸ್ಥಿರ ದೂರವಾಣಿ, ಎಲ್ಲದರಲ್ಲೂ ಇರುವುದು ಕದಲದೆ ನಿಂತಿರುವ ಭಾವ. ಹಿಂದೆ ‘ಸು’ ಸೇರಿದರೂ ಅದು ಹೋಗುವುದಿಲ್ಲ. ನನಗೆ ಬೇಕಾದ ಅರ್ಥ ಬೇರೆ: ಇಂದು ಪಡೆಯುವ ಫಲ ನಾಳೆಯ ಮೂಲವನ್ನು ಬರಿದು ಮಾಡಬಾರದು. ಕಬ್ಬಿನ ಒಂದು ಬೆಳೆಗೆ 1500ರಿಂದ 2500 ಮಿಲಿಮೀಟರ್ ನೀರು ಬೇಕು. ದಖ್ಖನ್ನಿನ ಒಣ ಬಯಲಿನಲ್ಲಿ ಬೀಳುವ ಮಳೆ ಅದರ ಅರ್ಧವೂ ಅಲ್ಲ. ಉಳಿದ ನೀರು ಕಾಲುವೆಯಿಂದ, ಕೊಳವೆಬಾವಿಯಿಂದ ಬರಬೇಕು. ಬಾವಿ ಬತ್ತುತ್ತಿರುವಾಗಲೂ ಕಾರ್ಖಾನೆಯ ಲೆಕ್ಕಪತ್ರ ಹಲವು ವರ್ಷ ‘ಸುಸ್ಥಿರ’ವಾಗಿಯೇ ಇರಬಹುದು.

ನನಗೆ ಪದ ಸಿಕ್ಕಿದ್ದು ಅವರ ಹೊಲದಲ್ಲೇ. ಆಗಷ್ಟೇ ಕಟಾವಾಗಿತ್ತು. ನೆಲಮಟ್ಟಕ್ಕೆ ಕಡಿದ ಕೂಳೆಯ ಸುತ್ತ ಅವರು ಮಣ್ಣು ಕೆದಕಿ, ಬುಡದಲ್ಲಿ ಅಕ್ಕಿಕಾಳಿನಷ್ಟು ಮೂಡಿದ್ದ ಬಿಳಿಯ ಮೊಳಕೆ ತೋರಿಸಿದರು. “ರವದಿ (ಕಬ್ಬಿನ ಒಣಗಿದ ಎಲೆ) ಸುಡದೆ ಸಾಲಿನ ನಡುವೆ ಹೊದಿಸಿದರೆ ಈ ನೆಲ ಇನ್ನೆರಡು ಕೂಳೆ ತಾಳುತ್ತದೆ” ಎಂದರು; ಅಂದರೆ ಅದೇ ಬುಡದಿಂದ ಮತ್ತೆ ಚಿಗುರುವ ಇನ್ನೆರಡು ಬೆಳೆ. ಕಡಿದ ಮೇಲೂ ಚಿಗುರುವ ಬಲ, ಆ ಬಲಕ್ಕೊಂದು ಮಿತಿ, ಅದನ್ನು ಕಾಯುವ ಹೊಣೆ, ಮೂರೂ ‘ತಾಳು’ ಎಂಬ ಒಂದೇ ಕ್ರಿಯಾಪದದಲ್ಲಿ ಬಂದುಬಿಟ್ಟವು. ಬಟ್ಟೆಬರೆಯ ವಿಷಯದಲ್ಲಿ ‘ತಾಳಿಕೆ ಬಾಳಿಕೆ’ ಎನ್ನುವ ಜೋಡಿ ನಮಗೆಲ್ಲ ಪರಿಚಿತವೇ. ಹಾಗಾಗಿ ‘ಸಕ್ಕರೆ ಉದ್ಯಮದ ತಾಳಿಕೆ’ ಎಂದು ಬರೆಯುವ ಆಸೆಯಾಗಿದೆ.

ಆದರೆ ಒಂದು ಅಳುಕು. ‘ತಾಳಿದವನು ಬಾಳಿಯಾನು’ ಎಂಬ ಗಾದೆಯಲ್ಲಿ ತಾಳುವುದೆಂದರೆ ಸಹಿಸುವುದು. ಕಬ್ಬಿನ ಹಣ 14 ದಿನಗಳೊಳಗೆ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಅದು ತಡವಾದಾಗ ತಾಳಿಕೊಳ್ಳುವವನು ರೈತ. ಮುಂಗಡ ಪಡೆದು, ಮಕ್ಕಳ ಶಾಲೆ ಬಿಡಿಸಿ, ಹೊಲದಂಚಿನ ಗುಡಿಸಲಿಗೆ ಬಂದಿಳಿಯುವ ಕಟಾವು ಗ್ಯಾಂಗಿನವರು ಇನ್ನೂ ಹೆಚ್ಚು ತಾಳಿಕೊಳ್ಳುತ್ತಾರೆ. ನನ್ನ ಪದ ಅವರಿಗೆ ‘ಇನ್ನಷ್ಟು ಸಹಿಸಿ’ ಎಂದು ಕೇಳಿಸಿದರೆ ಅದಕ್ಕಿಂತ ಅನ್ಯಾಯವಿಲ್ಲ. ‘ಬಾಳಿಕೆ’ಯಲ್ಲಿ ಈ ತೊಂದರೆ ಇಲ್ಲ, ಬದುಕಿನ ಅರ್ಥವೂ ಒಳಗಿದೆ, ಆದರೆ ‘ಬಾಳಿಕೆ ಬರುವ ಉದ್ಯಮ’ ಎಂದರೆ ಯಂತ್ರವೊಂದರ ಮಾತಿನಂತಿದೆ.

ಜೊತೆಗೆ ಇನ್ನೊಂದು ಚಿಕ್ಕ ಪ್ರಶ್ನೆ. ನೂರು ಟನ್ ಕಬ್ಬು ನುರಿಸಿದರೆ ಸುಮಾರು ಮೂವತ್ತು ಟನ್ ಸಿಪ್ಪೆ, ನಾಲ್ಕು ಟನ್‌ನಷ್ಟು ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಗಟ್ಟಿ ಪಾಕ) ಬರುತ್ತದೆ. ಸಿಪ್ಪೆ ಬಾಯ್ಲರಿಗೆ ಉರುವಲಾಗಿ ವಿದ್ಯುತ್ತನ್ನೂ ಕೊಡುತ್ತದೆ. ಕಾಕಂಬಿಯಿಂದ ಎಥೆನಾಲ್ ಆಗುತ್ತದೆ. ಇವನ್ನು ‘ತ್ಯಾಜ್ಯ’ ಎನ್ನಲು ಮನಸ್ಸು ಒಪ್ಪದೆ ‘ಉಪ ಉತ್ಪನ್ನ’ ಎಂದು ಬದಲಿಸಿದ್ದೇನೆ. ರಸ ಸೋಸಿದಾಗ ಉಳಿಯುವ, ಹೊಲಕ್ಕೆ ಗೊಬ್ಬರವಾಗುವ ‘ಪ್ರೆಸ್‌ಮಡ್’ಗೆ ‘ಸೋಸುಮಡ್ಡಿ’ ಎಂದರೆ ತಿಳಿದೀತೇ?

ಕಬ್ಬಿನ ಸೀಮೆಯವರು ದಯವಿಟ್ಟು ಹೇಳಿ: ‘ಈ ನೆಲ ತಾಳುತ್ತದೆ’ ಎಂಬ ಬಳಕೆ ನಿಮ್ಮಲ್ಲಿಯೂ ಇದೆಯೇ, ಅಥವಾ ‘ತಡೆಯುತ್ತದೆ’ ಎನ್ನುತ್ತೀರಾ?