ಪಾಲ್ಡಿಯ ಸಾಮಿಲ್ ಒಬ್ಬರೇ ಕಟ್ಟಿದ್ದಾ?

ಚಿಕ್ಕಪ್ಪ: (ಫಾರ್ವರ್ಡ್) ಬರಿಗೈಯಲ್ಲಿ ಕೆನಡಾಕ್ಕೆ ಹೋದ ಪಂಜಾಬಿನ ಹುಡುಗ ಮೇಯೋ ಸಿಂಗ್ ಒಬ್ಬರೇ ಸಾಮಿಲ್ (ಮರ ಕೊಯ್ಯುವ ಕಾರ್ಖಾನೆ) ಹಾಕಿ ಪಾಲ್ಡಿ ಎಂಬ ಊರನ್ನೇ ಕಟ್ಟಿದರು. ಆ ಊರಿನಲ್ಲಿ ಭೇದಭಾವವೇ ಇರಲಿಲ್ಲ. ಎಲ್ಲರೂ ಓದಿ.

ಚಿಕ್ಕಪ್ಪ: ಬಡಾವಣೆ ಸಂಘದ ವಾರ್ಷಿಕ ಸಂಚಿಕೆಗೆ ಇದನ್ನೇ ಹಾಕೋಣ ಅಂತಿದ್ದೇನೆ.

ಅಕ್ಕ: ತುಂಬಾ ಚೆನ್ನಾಗಿದೆ ಚಿಕ್ಕಪ್ಪ 👏

ನಾನು: ಚಿಕ್ಕಪ್ಪ, ಇದನ್ನು ಹೀಗೇ ಅಚ್ಚು ಹಾಕಿಸಬೇಡಿ. ‘ಒಬ್ಬರೇ’ ಅನ್ನೋದು ನಿಜ ಅಲ್ಲ. ಮೇಯೋ ಸಿಂಗ್ 1906ರಲ್ಲಿ ಕೆನಡಾದ ಪಶ್ಚಿಮ ಕರಾವಳಿಯ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯಕ್ಕೆ ಹೋಗಿ ಮೊದಲು ಬೇರೆಯವರ ಸಾಮಿಲ್‌ನಲ್ಲಿ ಕೂಲಿ ಮಾಡಿದವರು. ಆಮೇಲೆ ಅಲ್ಲಿನ ರೋಸ್‌ಡೇಲ್ ಊರಿನಲ್ಲಿ ದಿವಾಳಿಯಾಗಿದ್ದ ಒಂದು ಮಿಲ್ಲನ್ನು ಪಂಜಾಬಿಗಳೇ ದುಡ್ಡು ಸೇರಿಸಿ ಕೊಂಡರು. ಅಲ್ಲಿಂದ ಅದೇ ಪ್ರಾಂತ್ಯದ ವ್ಯಾಂಕೂವರ್ ದ್ವೀಪದಲ್ಲಿ, ಡಂಕನ್ ಊರಿನ ಹತ್ತಿರ ಹೋಗಿ 1917ರ ಸುಮಾರಿಗೆ ಮೇಯೋ ಲಂಬರ್ ಕಂಪನಿ ಶುರು ಮಾಡಿದರು. ಕಪೂರ್ ಸಿಂಗ್ ಪಾಲುದಾರರು. ಫಾರ್ವರ್ಡ್‌ನಲ್ಲಿ ಅವರ ಹೆಸರೇ ಇಲ್ಲ.

ಅಕ್ಕ: ಕಂಪನಿಗೆ ಮೇಯೋ ಸಿಂಗ್ ಹೆಸರು ಸುಮ್ನೆ ಬರುತ್ತಾ? ದುಡ್ಡು ಹಾಕೋರು ಹತ್ತಾರು ಜನ ಸಿಗಬಹುದು. ಮುಂದೆ ನಿಂತು ಹೊಣೆ ಹೊತ್ತವರು ಅವರೇ ಅಲ್ವಾ?

ನಾನು: ಹೊಣೆ ಹೊತ್ತರು, ಒಪ್ಪುತ್ತೇನೆ. ಆದರೆ ಕಾಲ ಹೇಗಿತ್ತು ನೋಡು. 1907ರಲ್ಲಿ ಆ ಪ್ರಾಂತ್ಯ ಭಾರತೀಯರ ಮತದ ಹಕ್ಕು ಕಿತ್ತುಕೊಂಡಿತು. ವಾಪಸ್ ಕೊಟ್ಟಿದ್ದು 1947ರಲ್ಲಿ. 1908ರಿಂದ, ಭಾರತದಿಂದ ಎಲ್ಲೂ ಇಳಿಯದೆ ನೇರ ಬಂದವರಿಗೆ ಮಾತ್ರ ಪ್ರವೇಶ ಅಂತ ನಿಯಮ. ಅಂಥ ಟಿಕೆಟ್ಟೇ ಸಿಗುತ್ತಿರಲಿಲ್ಲ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲೂ ವರ್ಷಗಟ್ಟಲೆ ಬಿಡಲಿಲ್ಲ. ಮಿಲ್ಲುಗಳಲ್ಲಿ ಬಿಳಿಯರಿಗಿಂತ ಕಡಿಮೆ ಕೂಲಿ. ಅದರಲ್ಲೂ ಉಳಿಸಿ ಪಾಲು ಹಾಕಿದವರನ್ನು ಬಿಟ್ಟು ಕಥೆ ಹೇಳಿದರೆ ನನಗೆ ಸಂಕಟ ಆಗುತ್ತದೆ.

ಭಾವ (ವಿಕ್ಟೋರಿಯಾ): ಡಂಕನ್ ನಮಗೆ ಹತ್ತಿರವೇ. ಅಲ್ಲಿನ ಅರಣ್ಯ ಮ್ಯೂಸಿಯಂನಲ್ಲಿ ಮೇಯೋ ಕಂಪನಿಯ ಹಳೇ ಉಗಿ ಎಂಜಿನ್ ಇಟ್ಟಿದ್ದಾರೆ. ಮರದ ದಿಮ್ಮಿ ಎಳೆಯುತ್ತಿದ್ದದ್ದು. ಪಾಲ್ಡಿಯಲ್ಲಿ ಈಗ ಮಿಲ್ ಇಲ್ಲ, ಗುರುದ್ವಾರ ಇದೆ. ಅದು ಶುರುವಾಗಿದ್ದು 1919ರಲ್ಲಿ. ಊರಿಗೆ ಮೊದಲು ಮೇಯೋ ಅಂತಲೇ ಹೆಸರಿತ್ತು. ಕೆನಡಾದ ಉತ್ತರದ ಯುಕಾನ್‌ನಲ್ಲೂ ಒಂದು ಮೇಯೋ ಇದ್ದು ಟಪಾಲು ಅದಲುಬದಲು ಆಗುತ್ತಿತ್ತಂತೆ. 1936ರಲ್ಲಿ ಪಂಜಾಬಿನಲ್ಲಿರುವ ಮೇಯೋ ಸಿಂಗ್ ಹುಟ್ಟೂರಿನ ಹೆಸರು, ಪಾಲ್ಡಿ, ಇಟ್ಟರು.

ಚಿಕ್ಕಪ್ಪ: ನೋಡು, ಅವರ ಹುಟ್ಟೂರಿನ ಹೆಸರು! ಇನ್ನು ಭೇದಭಾವ ಇರಲಿಲ್ಲ ಅನ್ನೋದಾದರೂ ಸರಿ ತಾನೇ? ಸಿಖ್ಖರು, ಜಪಾನೀಯರು, ಚೀನೀಯರು, ಬಿಳಿಯರು ಎಲ್ಲರೂ ಒಂದೇ ಕಡೆ ಇದ್ದರು. ಮಕ್ಕಳು ಒಂದೇ ಶಾಲೆಗೆ ಹೋದರು.

ನಾನು: ನಿಜ. ಅದಕ್ಕೇ 1942 ಬಿಡಬಾರದು. ಎರಡನೇ ಮಹಾಯುದ್ಧದ ಹೆಸರಿನಲ್ಲಿ ಕೆನಡಾ ಸರ್ಕಾರ ಪಶ್ಚಿಮ ಕರಾವಳಿಯಿಂದ ಜಪಾನೀ ಮೂಲದವರನ್ನೆಲ್ಲ ಎಬ್ಬಿಸಿತು. ಅಲ್ಲೇ ಹುಟ್ಟಿದವರನ್ನೂ ಬಿಡಲಿಲ್ಲ. ಪಾಲ್ಡಿಯ ಕುಟುಂಬಗಳೂ ಹೋದವು. ಒಟ್ಟಿಗಿದ್ದರು ಅಂತ ಬರೆದು, ಯಾರನ್ನು ಕಿತ್ತು ಕಳಿಸಿದರು ಅಂತ ಬರೆಯದಿದ್ದರೆ ಹೇಗೆ?

ಅಕ್ಕ: ಅದು ಸರ್ಕಾರದ ತಪ್ಪು. ಮಿಲ್ಲಿನ ಕಥೆಗೆ ಯಾಕೆ ತರಬೇಕು? ಒಂದು ಪುಟದಲ್ಲಿ ಎಷ್ಟು ತುರುಕೋದು?

ನಾನು: ಹೋದವರಲ್ಲಿ ಮಿಲ್ಲಿನಲ್ಲಿ ದುಡಿದವರೇ ಇದ್ದರು ಅಕ್ಕ.

ಚಿಕ್ಕಪ್ಪ: ಆಯ್ತು. ‘ಒಬ್ಬರೇ’ ತೆಗೆಯುತ್ತೇನೆ, ಕಪೂರ್ ಸಿಂಗ್ ಹೆಸರು ಸೇರಿಸುತ್ತೇನೆ. ಮೇಯೋ ಸಿಂಗ್ ಫೋಟೊ ಮಾತ್ರ ದೊಡ್ಡದಾಗೇ ಇರುತ್ತದೆ. 1942ರ ಬಗ್ಗೆ ಎರಡು ಸಾಲು ಬರೆದು ನಾಳೆಯೊಳಗೆ ಕಳಿಸು.

ನಾನು: ಎರಡು ಸಾಲು ಸಾಲದು ಚಿಕ್ಕಪ್ಪ, ಒಂದು ಪ್ಯಾರಾ ಕೊಡಿ.