ಭಾನುವಾರದ ಪ್ರಶ್ನೋತ್ತರ: ಬೆರಳು ಚೀಪೋದು, ಕಕ್ಕ ತಡೆಯೋದು, ನಡುವೆ ಫ್ರಾಯ್ಡ್

ಅಡ್ಮಿನ್: ಈ ವಾರ ಮಕ್ಕಳ ಮನಶ್ಶಾಸ್ತ್ರಜ್ಞೆ ಮೇಡಂ ನಮ್ಮ ಜೊತೆ ಇರ್ತಾರೆ. ವಿಷಯ: ಮಗುವಿನ ವ್ಯಕ್ತಿತ್ವ ಹೇಗೆ ಬೆಳೆಯುತ್ತೆ ಅಂತ ಮನೋವಿಶ್ಲೇಷಣೆ ಶುರು ಮಾಡಿದ ವಿಯೆನ್ನಾದ ವೈದ್ಯ ಫ್ರಾಯ್ಡ್ ಮತ್ತು ಅವರ ನಂತರದವರು ಹೇಳಿದ್ದು, ಅದರಲ್ಲಿ ಮನೆಗೆ ಉಪಯೋಗಕ್ಕೆ ಬರೋದು. ಫಾರ್ವರ್ಡ್ ಹಾಕಬೇಡಿ.

ಟಿಇಟಿ ತಯಾರಿ: ಮೇಡಂ, ಫ್ರಾಯ್ಡ್ ಹೇಳಿದ ಐದು ಹಂತ, ವಯಸ್ಸಿನ ಸಮೇತ ಹೇಳಿ.

ಮನಶ್ಶಾಸ್ತ್ರಜ್ಞೆ: ಆ ವಯಸ್ಸಲ್ಲಿ ಮಗು ಮೈಯ ಯಾವ ಭಾಗದಲ್ಲಿ ಸುಖ ಕಾಣುತ್ತೋ ಅದರ ಮೇಲೆ ಹೆಚ್ಚಿನ ಹಂತಗಳ ಹೆಸರು. ಮೌಖಿಕ (ಬಾಯಿಯ) ಹಂತ ಹುಟ್ಟಿನಿಂದ ಒಂದು, ಒಂದೂವರೆ ವರ್ಷ. ಗುದ ಹಂತ ಮೂರರವರೆಗೆ. ಶಿಶ್ನ ಹಂತ ಐದಾರರವರೆಗೆ. ಸುಪ್ತ ಹಂತ ಹರೆಯದವರೆಗೆ. ಆಮೇಲಿನದು ಜನನಾಂಗ ಹಂತ. ಪುಸ್ತಕದಿಂದ ಪುಸ್ತಕಕ್ಕೆ ಆರು ತಿಂಗಳು ಆಚೀಚೆ ಇರುತ್ತೆ. ಬುಡ ಲೈಂಗಿಕತೆ ಬಗ್ಗೆ ಫ್ರಾಯ್ಡ್ ಬರೆದ 1905ರ ಪ್ರಬಂಧಗಳಲ್ಲಿದೆ, ಆದರೆ ಐದೂ ಅಲ್ಲಿ ಒಟ್ಟಿಗಿಲ್ಲ, ಆಮೇಲೆ ಸೇರಿಸುತ್ತಾ ಹೋದರು. ಇದ್ (ಬಯಕೆ), ಅಹಂ (ನಾನು), ಅತ್ಯಹಂ (ಒಳಗಿನ ನೀತಿ) ಅಂತ ಮನಸ್ಸನ್ನು ಮೂರು ಭಾಗ ಮಾಡಿದ್ದು 1923ರದ್ದು.

ಹಾಸನದ ಅಮ್ಮ: ಮೇಡಂ, ಮಗನಿಗೆ ಮೂರೂವರೆ ವರ್ಷ. ಐದಾರು ದಿನಕ್ಕೊಮ್ಮೆ ಕಕ್ಕ. ಕಮೋಡ್ ಮೇಲೆ ಕೂರೋದೇ ಇಲ್ಲ. ಡಯಾಪರ್ ಕೇಳಿ ಹಾಕಿಸಿಕೊಂಡು ಬಾಗಿಲ ಹಿಂದೆ ನಿಂತ್ಕೋತಾನೆ, ಕಾಲು ಹೆಣೆದು, ತುದಿಗಾಲ ಮೇಲೆ, ಮುಖ ಕೆಂಪಗೆ. ನಡುವೆ ಚಡ್ಡಿಯಲ್ಲಿ ನೀರು ನೀರಾಗಿ ಕಲೆ. ಎರಡು ತಿಂಗಳ ತಂಗಿ ಇದ್ದಾಳೆ. ಜೂನ್‌ಗೆ ಎಲ್‌ಕೆಜಿ, ಡಯಾಪರ್ ಇದ್ರೆ ಸೇರಿಸಲ್ಲ ಅಂದಿದ್ದಾರೆ. ಇವನು ಹಠಮಾರಿ, ಮುಂದೆ ಜಿಪುಣ ಆಗ್ತಾನೆ, ಇದು ಫ್ರಾಯ್ಡ್ ಹೇಳಿದ್ದು ಅಂತ ನನ್ನ ಮೈದುನ ಹೇಳ್ತಾರೆ. ಹೌದಾ?

ಮನಶ್ಶಾಸ್ತ್ರಜ್ಞೆ: ಇದಕ್ಕೆ ಉದ್ದ ಬರೀಬೇಕು.

ಮೊದಲು ಮೈದುನನ ಮಾತು. 1908ರಲ್ಲಿ ಫ್ರಾಯ್ಡ್ ಅಚ್ಚುಕಟ್ಟುತನ, ಜಿಪುಣತನ, ಹಠ ಈ ಮೂರನ್ನೂ ಗುದ ಹಂತಕ್ಕೆ ಕಟ್ಟಿದ್ದು ನಿಜ. ಈ ಮೂರು ಗುಣ ಕೆಲವರಲ್ಲಿ ಒಟ್ಟಿಗೆ ಕಾಣುತ್ತವೆ ಅನ್ನೋದಕ್ಕೆ ಒಂದಿಷ್ಟು ಆಧಾರ ಸಿಕ್ಕಿದೆ. ಕಕ್ಕ ಕಲಿಸಿದ ರೀತಿಯಿಂದಲೇ ಅವು ಬಂದವು ಅನ್ನೋದಕ್ಕೆ ಸಿಕ್ಕಿಲ್ಲ. ಹಾಗಾಗಿ ಜಿಪುಣ ಆಗ್ತಾನೋ ಅನ್ನೋ ಚಿಂತೆ ಬಿಡಿ.

ಅವನು ತಿಣುಕುತ್ತಿಲ್ಲ, ತಡೀತಿದ್ದಾನೆ. ಹೆಣೆದ ಕಾಲು, ತುದಿಗಾಲು ಅದನ್ನೇ ಹೇಳುತ್ತೆ. ಸಾಮಾನ್ಯವಾಗಿ ಆಗೋದು ಹೀಗೆ: ಎಂದೋ ಒಂದು ದಿನ ಗಟ್ಟಿ ಕಕ್ಕ ಬಂದು ನೋಯುತ್ತೆ. ಮಾರನೆ ದಿನ ಹೆದರಿ ಹಿಡಿದುಕೊಳ್ಳುತ್ತೆ ಮಗು. ಒಳಗೆ ನಿಂತದ್ದರ ನೀರನ್ನು ಕರುಳು ಹೀರುತ್ತೆ, ಅದು ಇನ್ನೂ ದಪ್ಪ, ಇನ್ನೂ ಗಟ್ಟಿ. ಮುಂದಿನ ಸಲ ಇನ್ನೂ ನೋವು. ವಾರಗಟ್ಟಲೆ ಹೀಗಾದರೆ ಮಲಾಶಯ ಹಿಗ್ಗಿ, ತುಂಬಿದ್ದೇ ಗೊತ್ತಾಗದ ಹಾಗಾಗುತ್ತೆ. ಚಡ್ಡಿಯ ನೀರು ಕಲೆ ಭೇದಿ ಅಲ್ಲ. ಗಟ್ಟಿ ಉಂಡೆಯ ಪಕ್ಕದಿಂದ ಸೋರಿದ್ದು, ಅವನ ಅಂಕೆಯಲ್ಲಿಲ್ಲ. ಅದಕ್ಕೆ ಬೈಯಬೇಡಿ, ಭೇದಿ ನಿಲ್ಲಿಸುವ ಔಷಧಿಯನ್ನಂತೂ ಕೊಡಲೇಬೇಡಿ.

ಮೊದಲು ಮಕ್ಕಳ ಡಾಕ್ಟ್ರು. ಔಷಧಿ, ಪ್ರಮಾಣ ಅವರದ್ದು. ತುಂಬಿದ್ದನ್ನು ಖಾಲಿ ಮಾಡಿಸಿ, ಮೆತ್ತಗಾಗಲು ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಅಥವಾ ಲ್ಯಾಕ್ಟುಲೋಸ್ ಬರೀತಾರೆ. ಕನಿಷ್ಠ ಎರಡು ತಿಂಗಳು ಬೇಕು. ಒಂದು ವಾರ ಸರಿ ಹೋಯ್ತು ಅಂತ ನಿಲ್ಲಿಸೋದರಿಂದಲೇ ಹೆಚ್ಚಿನವರು ಮತ್ತೆ ಬರ್ತಾರೆ. ಹಾಲು ದಿನಕ್ಕೆ ಅರ್ಧ ಲೀಟರ್ ದಾಟದಿರಲಿ.

ಕಕ್ಕ ಮೆತ್ತಗಾದ ಮೇಲೆ ಮಾತ್ರ ಕಲಿಸೋದು. ಡಯಾಪರ್ ಕಿತ್ತುಕೊಳ್ಳಬೇಡಿ, ಕಿತ್ತುಕೊಂಡರೆ ಹಿಡಿದುಕೊಳ್ಳೋದು ಜಾಸ್ತಿ ಆಗುತ್ತೆ. ಕೇಳಿದಾಗ ಹಾಕಿ, ಆದರೆ ಬಾಗಿಲ ಹಿಂದೆ ಬದಲು ಬಚ್ಚಲಲ್ಲಿ. ಅದು ಸಲೀಸಾದ ಮೇಲೆ ಡಯಾಪರ್ ಹಾಕಿಕೊಂಡೇ ಕಮೋಡ್ ಮೇಲೆ. ಆಮೇಲೆ ಡಯಾಪರ್ ತಳಕ್ಕೆ ಕತ್ತರಿಯಲ್ಲಿ ಸಣ್ಣ ತೂತು, ಮೂರು ನಾಲ್ಕು ದಿನಕ್ಕೊಮ್ಮೆ ದೊಡ್ಡದು ಮಾಡುತ್ತಾ ಹೋಗಿ. ಕೊನೆಗೆ ಸೊಂಟದ ಪಟ್ಟಿ ಮಾತ್ರ ಉಳಿಯುತ್ತೆ. ತಿಂಡಿ, ಊಟ ಆದ ಹತ್ತು ಹದಿನೈದು ನಿಮಿಷಕ್ಕೆ ಐದು ನಿಮಿಷ ಕೂರಿಸಿ, ಹೊಟ್ಟೆ ತುಂಬಿದಾಗ ಕರುಳು ತಾನೇ ಚಲಿಸುತ್ತೆ. ಪಾದದ ಕೆಳಗೆ ಮಣೆ ಇರಲಿ, ಮಂಡಿ ಸೊಂಟಕ್ಕಿಂತ ಮೇಲಿರಬೇಕು. ಕಾಲು ನೇತಾಡಿದರೆ ತಿಣುಕೋಕೆ ಬಲ ಬರಲ್ಲ. ಕೂತದ್ದಕ್ಕೆ ಶಹಬ್ಬಾಸ್ ಹೇಳಿ, ಕಕ್ಕ ಮಾಡಿದ್ದಕ್ಕಲ್ಲ.

ಫ್ರಾಯ್ಡ್ ಇಲ್ಲಿ ಉಪಯೋಗಕ್ಕೆ ಬರೋದು ಒಂದು ಕಡೆ. ಮಗುವಿಗೆ ಕಕ್ಕ ಅನ್ನೋದು ತನ್ನದೇ ಮೈಯಿಂದ ಬಂದದ್ದು, ಅಮ್ಮನಿಗೆ ಕೊಡಬಹುದಾದ, ಕೊಡದೆ ಇಟ್ಟುಕೊಳ್ಳಬಹುದಾದ ಮೊದಲ ವಸ್ತು ಅಂದರು ಅವರು. ಫ್ರಾಯ್ಡ್ ನಂತರದ ಮನೋವಿಶ್ಲೇಷಕ ಎರಿಕ್‌ಸನ್ 1950ರಲ್ಲಿ ಇದೇ ವಯಸ್ಸನ್ನು ಸ್ವಾಯತ್ತತೆ ಒಂದು ಕಡೆ, ನಾಚಿಕೆ ಮತ್ತು ಅನುಮಾನ ಇನ್ನೊಂದು ಕಡೆ ಅಂತ ಬಿಡಿಸಿ ಹೇಳಿದರು. ತಂಗಿ ಬಂದಿದ್ದಾಳೆ, ಮಡಿಲು ಹೋಗಿದೆ, ಸ್ಕೂಲಿನವರು ಷರತ್ತು ಹಾಕಿದ್ದಾರೆ. ಅವನ ಕೈಯಲ್ಲಿ ಉಳಿದಿರೋದು ಇದೊಂದೇ. ಅದನ್ನೂ ಜಗ್ಗಾಡಬೇಡಿ.

ಮೂರು ವಿಷಯ ಹೇಳಿ: ರಕ್ತ ಬರುತ್ತಾ? ಹೊಟ್ಟೆ ಉಬ್ಬಿ ವಾಂತಿ ಆಗುತ್ತಾ? ಹುಟ್ಟಿ ಎಷ್ಟು ಗಂಟೆ ಆದ ಮೇಲೆ ಮೊದಲ ಕಪ್ಪು ಕಕ್ಕ ಹೋದ?

ದಾವಣಗೆರೆ ಅಜ್ಜಿ: ಇಷ್ಟಕ್ಕೆಲ್ಲ ಡಾಕ್ಟ್ರು ಯಾಕೆ ತಾಯಿ. ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಸವರಿ ಇಟ್ರೆ ಆಯ್ತು. ಸೋಪಿನ ಚೂರೂ ಆಗುತ್ತೆ.

ಮನಶ್ಶಾಸ್ತ್ರಜ್ಞೆ: ಅಜ್ಜಿ, ಬೇಡ. ಸೋಪು ಕ್ಷಾರ, ಒಳಪದರ ಉರಿಯುತ್ತೆ, ಹುಣ್ಣಾಗಬಹುದು. ತೊಟ್ಟು ಚುಚ್ಚುತ್ತೆ. ಇಬ್ಬರು ಕೈಕಾಲು ಹಿಡಿದು ಅಲ್ಲೇ ಏನನ್ನೋ ತುರುಕಿದರೆ, ಹೆದರಿ ತಡೆಯುತ್ತಿರುವ ಮಗು ಇನ್ನೂ ಬಿಗಿಯಾಗಿ ತಡೆಯುತ್ತೆ.

ಬಿ.ಎಡ್. ವಿದ್ಯಾರ್ಥಿನಿ: ಎಲೆಕ್ಟ್ರಾ ಕಾಂಪ್ಲೆಕ್ಸ್ ಫ್ರಾಯ್ಡ್ ಅವರದ್ದು ಅಂತ ನೋಟ್ಸ್‌ನಲ್ಲಿದೆ.

ಮನಶ್ಶಾಸ್ತ್ರಜ್ಞೆ: ನೋಟ್ಸ್ ತಪ್ಪು. ಹೆಣ್ಣುಮಗುವಿಗೆ ಅಪ್ಪನ ಕಡೆ ಸೆಳೆತ, ಅಮ್ಮನ ಜೊತೆ ಪೈಪೋಟಿ ಅನ್ನೋದಕ್ಕೆ ಆ ಹೆಸರಿಟ್ಟದ್ದು ಫ್ರಾಯ್ಡ್ ಜೊತೆಗಿದ್ದ ಯೂಂಗ್, 1913. ಗಂಡುಮಗುವಿಗೆ ಅಮ್ಮನ ಕಡೆ ಸೆಳೆತ ಅನ್ನೋ ಈಡಿಪಸ್ ಕಾಂಪ್ಲೆಕ್ಸ್ ಫ್ರಾಯ್ಡ್ ಅವರದ್ದು. ಎಲೆಕ್ಟ್ರಾ ಅನ್ನೋ ಹೆಸರನ್ನು ಫ್ರಾಯ್ಡ್ ಒಪ್ಪಲಿಲ್ಲ.

ತುಮಕೂರು ಸಾರ್: ತಾಯಿ ಮಗನ ಬಗ್ಗೆ ಇಂಥ ಅಸಹ್ಯ ನಮ್ಮ ಸಂಸ್ಕೃತಿಯಲ್ಲಿಲ್ಲ. ವಿಯೆನ್ನಾದ ರೋಗ ನಮ್ಮ ತಲೆಗೆ ಕಟ್ಟುತ್ತಿದ್ದಾರೆ.

ಧಾರವಾಡ ಜಾನಪದ: ಇಲ್ಲ ಅಂತ ಯಾರು ಹೇಳಿದ್ರು ಸರ? ಮಗನನ್ನೇ ಮದುವೆಯಾಗ್ತಾಳೆ ಅಂತ ಹಣೇಲಿ ಬರೆದಿದ್ದ ಹುಡುಗಿಯ ಕಥೆ ಕನ್ನಡದ್ದೇ. ಕವಿ, ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ ಸಂಗ್ರಹಿಸಿದ್ದಾರೆ. ಕೊನೆಗೆ ತೊಟ್ಟಿಲು ತೂಗುತ್ತಾ ಮಗನೇ, ಮೊಮ್ಮಗನೇ, ಗಂಡನ ತಮ್ಮನೇ ಮಲಗು ಅಂತ ಹಾಡ್ತಾಳೆ. ಗ್ರೀಕರ ಈಡಿಪಸ್ ಕಥೆ ಮಗನ ಕಡೆಯಿಂದ, ನಮ್ಮದು ತಾಯಿಯ ಕಡೆಯಿಂದ. ವ್ಯತ್ಯಾಸ ಅಲ್ಲಿದೆ.

ತುಮಕೂರು ಸಾರ್: ಅಜ್ಜಿಕಥೆ ವಿಜ್ಞಾನ ಅಲ್ಲ.

ಧಾರವಾಡ ಜಾನಪದ: ನೀವು ವಿಜ್ಞಾನ ಎಲ್ಲಿ ಕೇಳಿದ್ರಿ, ಸಂಸ್ಕೃತಿ ಅಂದ್ರಿ. ಕಲ್ಕತ್ತಾದ ಗಿರೀಂದ್ರಶೇಖರ ಬೋಸ್ 1922ರಲ್ಲೇ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದ್ರು. ನಮ್ಮ ರೋಗಿಗಳಲ್ಲಿ ಶಿಶ್ನಚ್ಛೇದದ ಭಯ, ಅಂದ್ರ ಶಿಶ್ನ ಕತ್ತರಿಸಿಬಿಡ್ತಾರೆ ಅನ್ನೋ ಮಗುವಿನ ಭಯ, ಯುರೋಪಿನವರಷ್ಟು ಎದ್ದು ಕಾಣಲ್ಲ ಅಂತ ಫ್ರಾಯ್ಡ್‌ಗೇ ಪತ್ರ ಬರೆದ್ರು. ಓದದೆ ಮಾತಾಡಬ್ಯಾಡ್ರಿ.

ತುಮಕೂರು ಸಾರ್: ಓದಿದವರ ಗತ್ತು ನೋಡಿ.

ಮಂಗಳೂರು ಅಪ್ಪ: ಮಗಳು ಎರಡೂವರೆ, ಬೆರಳು ಚೀಪ್ತಾಳೆ. ಬೇವಿನ ರಸ ಹಚ್ಚಬಹುದಾ? ಮುಂದೆ ಸಿಗರೇಟ್ ಸೇದ್ತಾರೆ ಅಂತ ಫಾರ್ವರ್ಡ್ ಬಂದಿತ್ತು.

ಮನಶ್ಶಾಸ್ತ್ರಜ್ಞೆ: ಹಚ್ಚಬೇಡಿ. ನಾಲ್ಕರ ಹೊತ್ತಿಗೆ ಹೆಚ್ಚಿನವರು ಬಿಡ್ತಾರೆ. ಬಿಡದಿದ್ದರೆ ಹಲ್ಲಿನ ಡಾಕ್ಟ್ರಿಗೆ ತೋರಿಸಿ. ಸಿಗರೇಟ್ ಮಾತು ಸುಳ್ಳು.

ಶಿರಸಿ ಅಕ್ಕ: ಮಗ ನನ್ನ ಹಳೇ ಸೀರೆ ತುಂಡು ಬಿಡೋದಿಲ್ಲ. ವಾಸನೆ ಬರ್ತು.

ಮನಶ್ಶಾಸ್ತ್ರಜ್ಞೆ: ಆ ವಾಸನೆಗೇ ಹಿಡಿದಿರೋದು. ಬ್ರಿಟಿಷ್ ಮಕ್ಕಳ ವೈದ್ಯ, ಮನೋವಿಶ್ಲೇಷಕ ವಿನ್ನಿಕಾಟ್ ಇಂಥ ವಸ್ತುವನ್ನು ಅಮ್ಮನಿಗೂ ಹೊರಗಿನ ಲೋಕಕ್ಕೂ ನಡುವಿನ ಸೇತುವೆ ಅನ್ನೋ ಹಾಗೆ ನೋಡಿದರು. ಬಚ್ಚಿಡಬೇಡಿ. ಒಗೆಯಲೇಬೇಕಾದರೆ ಎರಡು ತುಂಡು ಮಾಡಿ, ಸರದಿಯಲ್ಲಿ ಒಗೆಯಿರಿ.

ಟಿಇಟಿ ಬ್ಯಾಚ್ 2: ಮೇಡಂ ಐದು ಹಂತ ಹೇಳಿ ಪ್ಲೀಸ್.

ಮನಶ್ಶಾಸ್ತ್ರಜ್ಞೆ: ಮೇಲಿದೆ.

ಬಳ್ಳಾರಿ: ಬಾಸ್ ಬಗ್ಗೆ ದಿನಾ ಕನಸು ಬೀಳುತ್ತೆ, ಅರ್ಥ ಏನು?

ಇನ್ನೊಬ್ಬರು: ಐದು ಹಂತದ ಪಿಡಿಎಫ್ ಇದ್ಯಾ?

ಮನಶ್ಶಾಸ್ತ್ರಜ್ಞೆ: ಇಲ್ಲ. ಮೇಲಕ್ಕೆ ಹೋಗಿ ಓದಿ. ನಲವತ್ತು ಮೆಸೇಜ್ ಜಗಳದ ಅಡಿಯಲ್ಲಿ ಹಾಸನದವರ ಉತ್ತರ ಹೂತುಹೋಗಿದೆಯಾ ಅಂತ ಅಡ್ಮಿನ್ ಸ್ವಲ್ಪ ನೋಡ್ತೀರಾ?

ಹಾಸನದ ಅಮ್ಮ: ಆಗಲೇ ಬರೆದಿದ್ದೆ ಮೇಡಂ, ಯಾರೂ ನೋಡಲಿಲ್ಲ. ರಕ್ತ ಇಲ್ಲ, ವಾಂತಿ ಇಲ್ಲ. ಹೊಟ್ಟೆ ಆಗಾಗ ಉಬ್ಬರ. ಹುಟ್ಟಿದ ಮೂರನೇ ದಿನ ಕಕ್ಕ ಹೋದ, ಆಗ ಯಾರೂ ಏನೂ ಹೇಳಲಿಲ್ಲ.

ಮನಶ್ಶಾಸ್ತ್ರಜ್ಞೆ: ಮೂರನೇ ದಿನ ಅಂದರೆ 48 ಗಂಟೆ ಆಗಿತ್ತಾ?

ಹಾಸನದ ಅಮ್ಮ: ದಾಟಿತ್ತು. ಬೆಳಿಗ್ಗೆ ಹುಟ್ಟಿದ್ದು, ಮೂರನೇ ದಿನ ಸಂಜೆ.

ಮನಶ್ಶಾಸ್ತ್ರಜ್ಞೆ: ಹಾಗಾದರೆ ಡಯಾಪರ್ ಕತ್ತರಿಸುವ ಕೆಲಸ ಈಗ ಬೇಡ. ನಾಳೆಯೇ ಮಕ್ಕಳ ಡಾಕ್ಟ್ರು. ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳಿಲ್ಲದೆ ಹುಟ್ಟುವ ಕಾಯಿಲೆ ಒಂದಿದೆ, ಹಿರ್ಷ್‌ಸ್ಪ್ರಂಗ್ ಅಂತ. ತಡೆಯುವ ಭಂಗಿ, ಚಡ್ಡಿಯ ಕಲೆ ಅದಲ್ಲ ಅನ್ನೋ ಕಡೆಗೇ ಇವೆ, ಗಾಬರಿ ಬೇಡ. ಆದರೆ ಪರೀಕ್ಷೆ ಮಾಡದೆ ತಳ್ಳಿಹಾಕೋ ಹಾಗಿಲ್ಲ.

ದಾವಣಗೆರೆ ಅಜ್ಜಿ: ಸುಮ್ನೆ ಹೆದರಿಸ್ತೀರಿ.

ಮನಶ್ಶಾಸ್ತ್ರಜ್ಞೆ: ಅಜ್ಜಿ, ಸಾಕು. ಹಾಸನದವರೇ, ಚೀಟಿಯಲ್ಲಿ ಬರೆದುಕೊಂಡು ಹೋಗಿ: ಮೊದಲ ಕಕ್ಕ 48 ಗಂಟೆ ದಾಟಿದ ಮೇಲೆ. ಈಗ ಐದಾರು ದಿನಕ್ಕೊಮ್ಮೆ. ಉಬ್ಬರ ಯಾವಾಗ. ತೂಕ ಎಷ್ಟು, ಆರು ತಿಂಗಳ ಹಿಂದೆ ಎಷ್ಟಿತ್ತು. ಹುಟ್ಟಿದ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಇದ್ದರೆ ಅದೂ ಇರಲಿ. ಅಷ್ಟರೊಳಗೆ ಹೊಟ್ಟೆ ಬಿಗಿದು ಹಸಿರು ವಾಂತಿಯೋ ಜ್ವರವೋ ಬಂದರೆ ನಾಳೆವರೆಗೆ ಕಾಯಬೇಡಿ, ರಾತ್ರಿಯೇ ಹೋಗಿ.